ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಆಫ್ರಿಕದ ದನಗಾಹಿಗಳ ಅರಿವು

ಆಫ್ರಿಕದ ದನಗಾಹಿಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ತಿಳಿವಳಿಕೆಗೆ ಇವತ್ತು ಏನು ಬೆಲೆ? ಈ ವಿಷಯವಾಗಿ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದವಕ್ಕೆ ಪಶುವೈದ್ಯ ಮತ್ತು ಹುಲ್ಲುಗಾವಲಿನ ವಿಷಯ ಬಲ್ಲವರು ಇಲ್ಲಿ ಉತ್ತರ ಕೊಟ್ಟಿದ್ದಾರೆ.

ಪ್ರಶ್ನೆ: ಕೀನ್ಯಾ, ತಾಂಜಾನಿಯಾದ ಮಸಾಯಿಗಳು ವೈಲ್ಡ್‌ಬೀಸ್ಟ್ ಎಂಬ ಜಿಂಕೆಯಂಥ ದೊಡ್ಡ ಕಾಡುಪ್ರಾಣಿಗಳು ಕರು ಹಾಕುವ ಕಾಲಕ್ಕೆ ಒಳ್ಳೆಯ ಹುಲ್ಲುಗಾವಲನ್ನೇ ಬಿಟ್ಟು ದನಗಳನ್ನು ಬೇರೆ ಕಡೆಗೆ ಹೊಡೆದುಕೊಂಡು ಹೋಗುತ್ತಾರೆ ಎಂದು ಓದಿದೆ. ಇದು ಬರೀ ನಂಬಿಕೆಯೋ, ಇದಕ್ಕೆ ವೈದ್ಯಶಾಸ್ತ್ರದ ಆಧಾರ ಇದೆಯೋ?
– ಪಶುವೈದ್ಯ ವಿದ್ಯಾರ್ಥಿನಿ, ಬೀದರ್

ಉತ್ತರ: ಆಧಾರ ಇದೆ, ಅದೂ ಗಟ್ಟಿಯಾದದ್ದು. ದಕ್ಷಿಣ ಸೆರೆಂಗೆಟಿಯಿಂದ ಗೊರೊಂಗೊರೊ ಕಡೆಗೆ ಹಬ್ಬಿರುವ ಗಿಡ್ಡಹುಲ್ಲಿನ ಬಯಲು ಜ್ವಾಲಾಮುಖಿಯ ಬೂದಿ ಬಿದ್ದು ಆದ ನೆಲ. ಅಲ್ಲಿನ ಹುಲ್ಲಿನಲ್ಲಿ ಕ್ಯಾಲ್ಸಿಯಂ, ರಂಜಕ ಚೆನ್ನಾಗಿರುತ್ತವೆ. ಕರು ಹಾಕಿದ ಹಸುವಿಗೆ ಬೇಕಾದ ಮೇವೇ ಅದು. ವೈಲ್ಡ್‌ಬೀಸ್ಟ್‌ಗಳೂ ಅದಕ್ಕೇ ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಅಲ್ಲಿಗೆ ಬಂದು ಈಯುತ್ತವೆ. ಬಹುಪಾಲು ಕರುಗಳು ಎರಡು ಮೂರು ವಾರದೊಳಗೆ ಹುಟ್ಟಿಬಿಡುತ್ತವೆ. ಹುಲ್ಲು ಹದವಾಗಿರುವ ಆ ಹೊತ್ತಿನಲ್ಲೇ ಮಸಾಯಿಗಳು ಬಯಲು ಬಿಟ್ಟು ಎತ್ತರದ ಕಾಡಂಚಿಗೆ ದನ ಏರಿಸುತ್ತಾರೆ.

ಅವರು ತಪ್ಪಿಸಿಕೊಳ್ಳುವುದು ಮಾಲಿಗ್ನೆಂಟ್ ಕಟಾರಲ್ ಫೀವರ್ ಎಂಬ ರೋಗದಿಂದ. ಮಸಾಯಿ ಭಾಷೆಯಲ್ಲಿ ಅದರ ಹೆಸರಿನ ಅರ್ಥವೇ ‘ವೈಲ್ಡ್‌ಬೀಸ್ಟ್ ಬೇನೆ’. ಇದನ್ನು ತರುವುದು ಹರ್ಪಿಸ್ ಗುಂಪಿನ ವೈರಸ್. ವೈಲ್ಡ್‌ಬೀಸ್ಟ್‌ಗೆ ಏನೂ ಮಾಡುವುದಿಲ್ಲ, ದನಕ್ಕೆ ತಗುಲಿದರೆ ಉಳಿಯುವುದು ಅಪರೂಪ. ಜೋರು ಜ್ವರ, ಮೂಗಿನಿಂದ ಗಟ್ಟಿ ಸಿಂಬಳ, ಮುಸುಡಿಯ ಮೇಲೆ ಹೆಕ್ಕಳೆ, ಊದಿದ ಗ್ರಂಥಿಗಳು ಇದರ ಲಕ್ಷಣ. ಕಣ್ಣುಗುಡ್ಡೆಯ ಅಂಚಿನಿಂದ ಶುರುವಾಗಿ ನಡುವಿನ ಕಡೆಗೆ ಬಿಳಿಪರೆ ಕಟ್ಟುತ್ತಾ ಬರುವುದನ್ನು ಕಂಡರೆ ಅನುಭವಿ ದನಗಾಹಿ ಆ ದನದ ಆಸೆ ಬಿಡುತ್ತಾನೆ. ಪರಿಣಾಮಕಾರಿ ಔಷಧಿ ಇಲ್ಲ.

ಕಾರಣದ ವಿಷಯದಲ್ಲಿ ಮಾತ್ರ ಮಸಾಯಿಗಳ ವಿವರಣೆ ಸರಿಯಿಲ್ಲ. ವೈಲ್ಡ್‌ಬೀಸ್ಟ್‌ನ ಸತ್ತೆ (ಕರು ಹಾಕಿದ ಮೇಲೆ ಬೀಳುವ ಮಾಸು) ಬಿದ್ದ ಹುಲ್ಲನ್ನು ಮೇಯುವುದರಿಂದ ಬೇನೆ ಬರುತ್ತದೆ ಎನ್ನುತ್ತಾರೆ. ಪಶುವೈದ್ಯ ವಿಜ್ಞಾನಿ ವಾಲ್ಟರ್ ಪ್ಲೌರೈಟ್ 1960ರಲ್ಲಿ ಈ ವೈರಸ್ಸನ್ನು ವೈಲ್ಡ್‌ಬೀಸ್ಟ್‌ನಿಂದಲೇ ಬೇರ್ಪಡಿಸಿ ತೋರಿಸಿದರು. ಮುಂದಿನ ಅಧ್ಯಯನಗಳಿಂದ ತಿಳಿದದ್ದು ಇಷ್ಟು: ವೈರಸ್ ಹೊರಬೀಳುವುದು ಸತ್ತೆಯಿಂದಲ್ಲ, ಎಳೆಗರುಗಳ ಕಣ್ಣು ಮೂಗಿನ ನೀರಿನಿಂದ. ಅದೂ ಹುಟ್ಟಿದ ಮೊದಲ ಮೂರು ತಿಂಗಳ ಆಸುಪಾಸಿನಲ್ಲಿ. ಬಿಸಿಲಿಗೆ ಬಿದ್ದರೆ ಬೇಗ ಸಾಯುತ್ತದೆ. ದನದಿಂದ ದನಕ್ಕೆ ಹರಡುವುದಿಲ್ಲ. ಅಂದರೆ ಕಾರಣ ತಪ್ಪಿದರೂ ದಿನಗಳ ಲೆಕ್ಕ ತಪ್ಪಿಲ್ಲ. ಹುಟ್ಟುವಾಗ ತಿಳಿಗಂದು ಬಣ್ಣದ ಕರು ಎರಡು ಮೂರು ತಿಂಗಳಲ್ಲಿ ಬೂದುಗಪ್ಪಿಗೆ ತಿರುಗುತ್ತದೆ. ಕರುಗಳ ಮೈಬಣ್ಣ ತಿರುಗಿದ ಮೇಲೆ ಬಯಲಿಗೆ ಇಳಿಯುವವನು ವೈರಸ್ಸಿನ ಕಾಲ ಮುಗಿದ ಮೇಲೆಯೇ ಇಳಿದಂತಾಯಿತು.

ಈ ಜಾಗರೂಕತೆ ಪುಕ್ಕಟೆ ಸಿಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಕಾಡಂಚಿನ ಎತ್ತರದ ಹುಲ್ಲಿನಲ್ಲಿ ಉಣುಗಿನ ಕಾಟ. ಅಲ್ಲಿ ಉಣುಗು ಹರಡುವ ಥೈಲೇರಿಯಾ ಪಾರ್ವಾ ಎಂಬ ಪರಾವಲಂಬಿ ಜೀವಿಯಿಂದ ಬರುವ ಈಸ್ಟ್ ಕೋಸ್ಟ್ ಜ್ವರ ಕಾದಿರುತ್ತದೆ. ನಮ್ಮಲ್ಲಿ ಮಿಶ್ರತಳಿ ಹಸುಗಳನ್ನು ಕಾಡುವ ಥೈಲೇರಿಯಾದ ದಾಯಾದಿ ಅದು. ಮೊದಲನೆಯದು ಬಂದರೆ ದನ ಹೋಯಿತೆಂದೇ ಲೆಕ್ಕ. ಎರಡನೆಯದಕ್ಕೆ ಉಣುಗು ಕಿತ್ತು, ಔಷಧಿ ಹೊಡೆದು, ಬೇಗ ಗುರುತು ಹಿಡಿದರೆ ಉಳಿಸಿಕೊಳ್ಳುವ ದಾರಿ ಇದೆ. ಎರಡು ಅಪಾಯಗಳನ್ನು ತೂಗಿ ನೋಡಿ ಮಾಡುವ ಆಯ್ಕೆ ಇದು. ವೈಲ್ಡ್‌ಬೀಸ್ಟ್ ಸಂಖ್ಯೆ ಏರಿದಾಗ, ಮಸಾಯಿಗಳು ದನ ತಿರುಗಿಸಬಹುದಾದ ನೆಲ ಕಿರಿದಾದಾಗ ಈ ಆಯ್ಕೆಯೂ ಕೈತಪ್ಪುತ್ತದೆ.

ಪ್ರಶ್ನೆ: ಆಫ್ರಿಕದ ದನಗಾಹಿಗಳ ಗಿಡಮೂಲಿಕೆ ಔಷಧಿಗಳನ್ನು ನಮ್ಮ ದನಗಳಿಗೂ ಕೊಡಬಹುದೇ? ಲಸಿಕೆ ಬರುವ ಮುಂಚೆಯೇ ಅವರು ಲಸಿಕೆ ಹಾಕುತ್ತಿದ್ದರು ಎನ್ನುವುದು ನಿಜವೇ?
– ಹೈನುಗಾರರು, ಅರಸೀಕೆರೆ

ಉತ್ತರ: ಮೊದಲನೆಯದಕ್ಕೆ ಉತ್ತರ: ಬೇಡ. ಅಲ್ಲಿನ ಗಿಡ ಬೇರೆ, ಅದೇ ಕುಲದ ನಮ್ಮ ಗಿಡದಲ್ಲಿರುವ ಅಂಶ ಬೇರೆ, ಪ್ರಮಾಣವೂ ಬೇರೆ. ಗಿಡಮೂಲಿಕೆಗಳಲ್ಲಿ ಕೆಲವು ಹೊಟ್ಟೆಹುಳಕ್ಕೆ, ಗಾಯಕ್ಕೆ, ಉಣುಗಿಗೆ ಉಪಯೋಗ ಆಗುತ್ತವೆ. ಬಹಳಷ್ಟನ್ನು ಇನ್ನೂ ಸರಿಯಾಗಿ ಪರೀಕ್ಷಿಸಿಲ್ಲ. ಊದಿದ ಗ್ರಂಥಿಗೆ ಕಾದ ಕಬ್ಬಿಣದಿಂದ ಬರೆ ಹಾಕುವಂಥದ್ದು ದನಕ್ಕೆ ಹಿಂಸೆಯೇ ಹೊರತು ಪರಾವಲಂಬಿ ಜೀವಿಯನ್ನು ಕೊಲ್ಲುವುದಿಲ್ಲ. ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಒಪ್ಪಬೇಕಾಗಿಲ್ಲ. ದನಗಾಹಿಗಳ ನಿಜವಾದ ಬಲ ಇರುವುದು ಮದ್ದಿನಲ್ಲಿ ಅಲ್ಲ, ರೋಗವನ್ನು ಗುರುತಿಸುವುದರಲ್ಲಿ ಮತ್ತು ಅದು ಬರುವ ಜಾಗ, ಕಾಲ ತಪ್ಪಿಸುವುದರಲ್ಲಿ.

ಎರಡನೆಯದು ನಿಜ. ಪಶ್ಚಿಮ ಆಫ್ರಿಕದ ಫುಲಾನಿಗಳು ಮತ್ತು ಅವರ ನೆರೆಯ ಮೂರ್ ಜನ ಸಾಂಕ್ರಾಮಿಕ ಶ್ವಾಸಕೋಶ ಬೇನೆಗೆ ಮುನ್ನೆಚ್ಚರಿಕೆ ಮಾಡುತ್ತಿದ್ದ ಬಗೆ ಹೀಗಿತ್ತು: ಆ ಬೇನೆಯಿಂದ ಸತ್ತ ದನದ ಶ್ವಾಸಕೋಶಕ್ಕೆ ಚಾಕುವಿನ ಮೊನೆ ಚುಚ್ಚಿ ತೆಗೆದು, ಆರೋಗ್ಯವಾಗಿರುವ ದನದ ಮೂಗಿನ ಮೇಲಿನ ಚರ್ಮದಲ್ಲಿ ಗೀರು ಹಾಕುವುದು. ಅಥವಾ ಗೀರಿದ ಜಾಗದಲ್ಲಿ ಶ್ವಾಸಕೋಶದ ಸಣ್ಣ ತುಣುಕನ್ನೇ ಸೇರಿಸಿ ಬಿಡುವುದು. ಅಲ್ಲಿ ಊತ ಬಂದು ಇಳಿದರೆ ಆ ದನಕ್ಕೆ ರಕ್ಷಣೆ ಸಿಕ್ಕಿತೆಂದು ಲೆಕ್ಕ. ಬೆಲ್ಜಿಯಂನ ಲೂಯಿ ವಿಲೆಮ್ಸ್ 1852ರಲ್ಲಿ ಬಾಲದ ತುದಿಗೆ ಇದೇ ರೀತಿ ಚುಚ್ಚುವ ಕ್ರಮವನ್ನು ಪ್ರಕಟಿಸಿದ್ದು ಯುರೋಪಿಗೆ ಹೊಸದಾಗಿ ಕಂಡಿತು.

ಇದರಲ್ಲಿ ಕೆಡುವುದೂ ಉಂಟು. ಜೀವಂತ ರೋಗಾಣುವನ್ನೇ ಹಾಕುವುದರಿಂದ ಪ್ರಮಾಣ ಕೈಯಲ್ಲಿರುವುದಿಲ್ಲ. ಊತ ಮುಖಕ್ಕೆಲ್ಲ ಏರಿ ದನ ಸಾಯಬಹುದು. ಹಾಗೆ ಚುಚ್ಚಿದ ದನವೇ ಬೇನೆ ಹರಡಬಹುದು. ಕೆಲವು ದನಗಳಿಗೆ ಮೂಗಿನ ಮೇಲೆ ಎಲುಬಿನ ಗಂಟು ಬೆಳೆದು ಕೊಂಬಿನಂತೆ ನಿಲ್ಲುತ್ತಿತ್ತು. 1880ರ ದಶಕದಲ್ಲಿ ಸೆನೆಗಲ್ ಕಡೆಯ ಇಂಥ ದನಗಳನ್ನು ಕಂಡ ಫ್ರೆಂಚ್ ಪ್ರಾಣಿಶಾಸ್ತ್ರಜ್ಞರೊಬ್ಬರು ಮೂರು ಕೊಂಬಿನ ಹೊಸ ಜಾತಿಯೇ ಸಿಕ್ಕಿತೆಂದು ಹೆಸರಿಟ್ಟುಬಿಟ್ಟರು. ದನಗಾಹಿಯನ್ನು ಒಂದು ಮಾತು ಕೇಳಿದ್ದರೆ ಆ ತಪ್ಪು ಆಗುತ್ತಿರಲಿಲ್ಲ.

ಈಸ್ಟ್ ಕೋಸ್ಟ್ ಜ್ವರಕ್ಕೆ ಈಗ ಬಳಸುವ ವಿಧಾನವೂ ಇದೇ ತರ್ಕದ್ದು. ಕೀನ್ಯಾದ ಮುಗುಗದಲ್ಲಿ ರೂಪುಗೊಂಡ ಈ ಕ್ರಮದಲ್ಲಿ ಮೂರು ತಳಿಯ ಜೀವಂತ ಪರಾವಲಂಬಿಗಳ ಮಿಶ್ರಣವನ್ನು ಕರುವಿಗೆ ಚುಚ್ಚಿ, ಅದೇ ಹೊತ್ತಿಗೆ ದೀರ್ಘಕಾಲ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕೊಡುತ್ತಾರೆ. ರೋಗ ಸಣ್ಣದಾಗಿ ಬಂದು ಹೋಗುತ್ತದೆ, ರಕ್ಷಣೆ ಉಳಿಯುತ್ತದೆ. ಕರುವಿನ ತೂಕ ಸರಿಯಾಗಿ ಅಂದಾಜು ಮಾಡದೆ ಆಂಟಿಬಯೋಟಿಕ್ ಕಡಿಮೆ ಹಾಕಿದರೆ ಚುಚ್ಚಿದ ರೋಗವೇ ಕರುವನ್ನು ಕೊಲ್ಲುತ್ತದೆ. ಮಿಶ್ರಣವನ್ನು ದ್ರವ ಸಾರಜನಕದಲ್ಲಿ ಇಡಬೇಕು. ಒಂದು ಸ್ಟ್ರಾ (ಮಿಶ್ರಣ ತುಂಬಿದ ಸಣ್ಣ ಕೊಳವೆ) ಕರಗಿಸಿದರೆ ಹತ್ತಾರು ಕರುಗಳಿಗೆ ಆಗುತ್ತದೆ, ಕೆಲವೇ ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಅಕ್ಕಪಕ್ಕದ ಮನೆಗಳ ಕರುಗಳನ್ನು ಮೊದಲೇ ಒಂದೆಡೆ ಕೂಡಿಸಿಕೊಂಡಿರಬೇಕು. ಉತ್ತರ ತಾಂಜಾನಿಯಾದ ಮಸಾಯಿಗಳು ದುಡ್ಡು ಕೊಟ್ಟು ಇದನ್ನು ಹಾಕಿಸಿಕೊಳ್ಳುತ್ತಾರೆ. ಈ ಚುಚ್ಚುಮದ್ದಾದ ಗುರುತಿಗೆ ಕಿವಿಗೆ ಓಲೆ ಹಾಕಿದ ಕರುವಿಗೆ ಸಂತೆಯಲ್ಲಿ ಹೆಚ್ಚು ಬೆಲೆ.

ಪ್ರಶ್ನೆ: ನಮ್ಮ ಹಿರಿಯರು ಹೇಳುತ್ತಿದ್ದ ದೊಡ್ಡರೋಗ ಆಫ್ರಿಕದಿಂದಲೂ ಮಾಯವಾಯಿತಂತೆ. ಅದರಲ್ಲಿ ದನಗಾಹಿಗಳ ಪಾಲೇನು?
– ನಿವೃತ್ತ ಪಶು ಪರಿವೀಕ್ಷಕರು, ಚಳ್ಳಕೆರೆ

ಉತ್ತರ: ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, 1880ರ ದಶಕದ ಕೊನೆಗೆ ‘ಆಫ್ರಿಕದ ಕೊಂಬು’ ಎನ್ನುವ ಈಶಾನ್ಯದ ಚಾಚಿಗೆ ಕಾಲಿಟ್ಟು ಹತ್ತೇ ವರ್ಷದಲ್ಲಿ ಖಂಡದ ದಕ್ಷಿಣದ ತುದಿ ಮುಟ್ಟಿತು. ಎಷ್ಟೋ ಕಡೆ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ದನ ಸತ್ತವು. ಮಸಾಯಿಗಳು ಆ ಕಾಲವನ್ನು ‘ಎಮುತಾಯಿ’, ಸರ್ವನಾಶ, ಎಂದು ಕರೆಯುತ್ತಾರೆ. ಭಾರತ ಈ ರೋಗದಿಂದ ಮುಕ್ತ ಎಂದು 2006ರಲ್ಲಿ ಮಾನ್ಯತೆ ಸಿಕ್ಕಿತು, ಇಡೀ ಜಗತ್ತು ಮುಕ್ತ ಎಂದು ಘೋಷಣೆಯಾದದ್ದು 2011ರಲ್ಲಿ.

ಕೊನೆಗೆ ರೋಗ ಅಡಗಿ ಕೂತಿದ್ದು ರಸ್ತೆ, ಕರೆಂಟು ಇಲ್ಲದ, ಬಂದೂಕಿನ ಸದ್ದು ನಿಲ್ಲದ ಜಾಗಗಳಲ್ಲಿ: ಇಥಿಯೋಪಿಯಾದ ಅಫಾರ್, ಉಗಾಂಡದ ಕರಮೋಜ, ದಕ್ಷಿಣ ಸುಡಾನ್, ಸೊಮಾಲಿ ಸೀಮೆ. ಅಲ್ಲಿಗೆ ಸರ್ಕಾರಿ ಜೀಪು ಹೋಗುತ್ತಿರಲಿಲ್ಲ, ಹೋದರೂ ಮಂಜುಗಡ್ಡೆ ಕರಗಿ ಲಸಿಕೆ ಸಾಯುತ್ತಿತ್ತು. 1990ರ ಸುಮಾರಿಗೆ ಶಾಖ ತಡೆಯುವ ಒಣಲಸಿಕೆ ಬಂತು. ನೀರು ಬೆರೆಸುವ ತನಕ ಫ್ರಿಜ್ ಇಲ್ಲದೆ ವಾರಗಟ್ಟಲೆ ಬಾಳುವಂಥದ್ದು. ದನಗಾಹಿಗಳೇ ತಮ್ಮೊಳಗಿಂದ ಆರಿಸಿದವರಿಗೆ ತರಬೇತಿ ಕೊಟ್ಟು, ಅವರ ಹೆಗಲಿಗೆ ಈ ಲಸಿಕೆ ಹಾಕಿ ಕಳಿಸಲಾಯಿತು. ಯಾವ ಹಟ್ಟಿ ಯಾವ ತಿಂಗಳು ಯಾವ ನೀರಿನ ಬಳಿ ಇರುತ್ತದೆ, ಯಾರ ದನ ಯಾರ ದನದ ಜತೆ ಬೆರೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಲಸಿಕೆಗಿಂತ ಇದು ಕಡಿಮೆಯದಲ್ಲ.

ರೋಗ ಎಲ್ಲಿ ಉಳಿದಿದೆ ಎಂದು ಹುಡುಕಲು ಬಳಸಿದ ಕ್ರಮ ನಿಮಗೆ ಹಿಡಿಸಬಹುದು. ನೆಲದ ಮೇಲೆ ವೃತ್ತಗಳನ್ನು ಬರೆದು, ಒಂದೊಂದಕ್ಕೆ ಒಂದೊಂದು ರೋಗದ ಸ್ಥಳೀಯ ಹೆಸರು ಇಟ್ಟು, ಹಿರಿಯರ ಕೈಗೆ 100 ಕಲ್ಲುಹರಳು ಕೊಡುತ್ತಾರೆ. ‘ಹೋದ ವರ್ಷ ಸತ್ತ ಕರುಗಳನ್ನು ಇದರಲ್ಲಿ ಹಂಚಿ’ ಎನ್ನುತ್ತಾರೆ. ಹಂಚಿದ ಮೇಲೆ ಒಂದೊಂದು ರೋಗಕ್ಕೆ ಕಣ್ಣೀರು, ಬಾಯಿಹುಣ್ಣು, ಭೇದಿ ಹೀಗೆ ಲಕ್ಷಣಗಳನ್ನು ಮತ್ತೆ ಹರಳಿನಲ್ಲೇ ತೂಗಿಸುತ್ತಾರೆ. ಹರಳಿನ ಲೆಕ್ಕ ಪಕ್ಕಾ ಸಂಖ್ಯೆ ಅಲ್ಲ, ಆದರೆ ಯಾವ ಹಟ್ಟಿಯ ರಕ್ತದ ಮಾದರಿ ತೆಗೆಯಬೇಕೆಂದು ಅದು ಸರಿಯಾಗಿ ತೋರಿಸುತ್ತದೆ. ಸೊಮಾಲಿ ಸೀಮೆಯಲ್ಲಿ ರೋಗ ಸೌಮ್ಯ ರೂಪದಲ್ಲಿತ್ತು. ದನ ಸಾಯದ ಕಾರಣ ಕಚೇರಿಯವರಿಗೆ ಕಾಣಲೇ ಇಲ್ಲ, ಕಣ್ಣೀರು ಸುರಿಸುವ ಮಣಕಗಳನ್ನು ದನಗಾಹಿಗಳು ಗುರುತಿಟ್ಟಿದ್ದರು. ಕೊನೆಯ ಪ್ರಕರಣ 2001ರಲ್ಲಿ ಕೀನ್ಯಾದ ಕಾಡೆಮ್ಮೆಗಳಲ್ಲಿ ದೃಢಪಟ್ಟಿತು.

ಪ್ರಶ್ನೆ: ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಾಹೇಲ್‌ನ ಫುಲಾನಿಗಳು ವರ್ಷವಿಡೀ ನೂರಾರು ಕಿಲೋಮೀಟರ್ ದನ ನಡೆಸುವುದೇಕೆ? ದಕ್ಷಿಣದಲ್ಲಿ ಹುಲ್ಲು ಆಳೆತ್ತರ ಇದೆಯಂತಲ್ಲ, ಅಲ್ಲೇ ಇರಬಾರದೇ?
– ಕೃಷಿಕರು, ಹಾವೇರಿ

ಉತ್ತರ: ಆಳೆತ್ತರದ ಹುಲ್ಲೇ ತೊಡಕು. ದಕ್ಷಿಣದಲ್ಲಿ ಮಳೆ ಜಾಸ್ತಿ, ಹುಲ್ಲು ರಭಸದಿಂದ ಬೆಳೆದು ನಾರಾಗುತ್ತದೆ. ಬೇಸಿಗೆ ಹೊತ್ತಿಗೆ ಅದರಲ್ಲಿ ಪ್ರೋಟೀನು ನೂರಕ್ಕೆ ಆರಕ್ಕಿಂತ ಕೆಳಗೆ ಬೀಳುತ್ತದೆ. ಮೇವಿನಲ್ಲಿ ಪ್ರೋಟೀನು ನೂರಕ್ಕೆ ಏಳಕ್ಕಿಂತ ಕಡಿಮೆಯಾದರೆ ಮೆಲುಕು ಚೀಲದ ಸೂಕ್ಷ್ಮಜೀವಿಗಳಿಗೆ ಸಾರಜನಕ ಸಾಲದೆ, ದನ ಹೊಟ್ಟೆ ತುಂಬ ತಿಂದೂ ಸೊರಗುತ್ತದೆ. ಉತ್ತರದಲ್ಲಿ ಸಹಾರಾದ ಅಂಚಿನಲ್ಲಿ ಮಳೆ 200–300 ಮಿಲಿಮೀಟರ್. ಹುಲ್ಲು ಗೇಣುದ್ದ, ಆದರೆ ಬೆಳೆಯಲು ನೀರಿಲ್ಲದ್ದರಿಂದ ಮಣ್ಣಿನ ಸಾರವೆಲ್ಲ ಆ ಗೇಣಿನಲ್ಲೇ ಉಳಿಯುತ್ತದೆ. ಪ್ರೋಟೀನು ನೂರಕ್ಕೆ ಹನ್ನೆರಡರವರೆಗೂ ಇರುತ್ತದೆ. 1983ರಲ್ಲಿ ಬ್ರೆಮನ್ ಮತ್ತು ಡಿ ವಿಟ್ ಎಂಬ ವಿಜ್ಞಾನಿಗಳು ಮಾಲಿಯ ಹುಲ್ಲುಗಾವಲು ಅಳೆದು ಈ ಮಾತನ್ನು ವಿವರಿಸಿದರು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಉತ್ತರಕ್ಕೆ ಹೋದ ದನ ಅಲ್ಲಿ ಮೈಗೂಡಿಸಿಕೊಂಡು, ಆ ಕೊಬ್ಬಿನ ಮೇಲೆ ದಕ್ಷಿಣದ ಬೇಸಿಗೆ ಕಳೆಯುತ್ತದೆ. ಮಳೆಗಾಲದಲ್ಲಿ ದಕ್ಷಿಣದಲ್ಲಿ ದನಕ್ಕೆ ಬೇನೆ ತಗುಲಿಸುವ ಸೆಟ್ಸೆ ನೊಣದ ಹಾವಳಿ ಬೇರೆ, ಹೊಲಗಳಲ್ಲಿ ಬೆಳೆ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಮರಳಿದರೆ ಅದೇ ಹೊಲದ ಕೂಳೆ ಮೇವಾಗುತ್ತದೆ, ರೈತನಿಗೆ ಗೊಬ್ಬರ ಸಿಗುತ್ತದೆ. ನಮ್ಮಲ್ಲಿ ಕುರುಬರು ಹೊಲದಲ್ಲಿ ಕುರಿ ತರುಬುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನಡಿಗೆ ಮನಸ್ಸಿಗೆ ಬಂದಂತೆ ನಡೆಯುವುದಲ್ಲ. ಮಾಲಿಯ ಒಳನಾಡಿನ ನೈಜರ್ ನದೀ ಬಯಲಿನಲ್ಲಿ ನೆರೆ ಇಳಿದ ಮೇಲೆ ‘ಬುರ್ಗು’ ಎಂಬ ನೀರುಹುಲ್ಲಿನ ದೊಡ್ಡ ಮೇವು ತೆರೆದುಕೊಳ್ಳುತ್ತದೆ. ಅಲ್ಲಿ 1818ರಲ್ಲಿ ಆರಂಭವಾದ ಸೆಕು ಅಮಾದುವಿನ ರಾಜ್ಯ ಯಾವ ಹಿಂಡು ಯಾವ ದಾರಿಯಲ್ಲಿ, ಯಾವ ಸರದಿಯಲ್ಲಿ ಒಳಬರಬೇಕು ಎಂದು ಕಟ್ಟು ಮಾಡಿತು. ಹುಲ್ಲುಗಾವಲಿನ ಉಸ್ತುವಾರಿ ನೋಡುವವನು ಜೋವ್ರೊ. ಡಿಯಾಫರಾಬೆಯಲ್ಲಿ ದನಗಳು ನದಿ ಈಜಿ ದಾಟುವ ದಿನವನ್ನು ನೀರಿನ ಮಟ್ಟ ನೋಡಿ ನಿಗದಿ ಮಾಡುತ್ತಾರೆ. ಬೇಗ ದಾಟಿಸಿದರೆ ಸೆಳೆತಕ್ಕೆ ಕರು ಹೋಗುತ್ತವೆ, ಬತ್ತ ಕೊಯ್ದಿರುವುದಿಲ್ಲ. ತಡ ಮಾಡಿದರೆ ಹಿಂದೆ ಬರುವ ಹಿಂಡುಗಳು ಒಂದೇ ಕಡೆ ನುಗ್ಗುತ್ತವೆ. ಈ ದಾಟುವ ಹಬ್ಬ ಯುನೆಸ್ಕೊ ಪಟ್ಟಿಯಲ್ಲಿದೆ.

ಕೆಟ್ಟದ್ದು ಎಲ್ಲಿ? ದನದ ದಾರಿಗಳನ್ನು ಉತ್ತು ಹೊಲ ಮಾಡಿದಾಗ, ಬುರ್ಗು ಇದ್ದ ಜಾಗಕ್ಕೆ ಬತ್ತ ಬಂದಾಗ. ಸಾಹೇಲ್‌ನಲ್ಲಿ ಕೊಳವೆಬಾವಿ ತೋಡಿ ಎಲ್ಲರಿಗೂ ಬಿಟ್ಟುಕೊಟ್ಟಾಗಲೂ ಅನಾಹುತವಾಯಿತು. ನೀರಿಗೆ ಯಜಮಾನರಿಲ್ಲವಾದ್ದರಿಂದ ಸರದಿಯೂ ಇಲ್ಲವಾಯಿತು, ಹಿಂಡುಗಳು ಬಾವಿ ಬಿಟ್ಟು ಕದಲಲಿಲ್ಲ. 1968–73ರ ಬರದಲ್ಲಿ ಎಷ್ಟೋ ದನ ಸತ್ತದ್ದು ಬಾಯಾರಿಕೆಯಿಂದ ಅಲ್ಲ. ಪಂಪಿನ ಪಕ್ಕದಲ್ಲೇ, ಮೇವಿಲ್ಲದೆ.

ಪ್ರಶ್ನೆ: ಇಥಿಯೋಪಿಯಾದ ಬೋರನರು ಹಾಡು ಹೇಳುತ್ತಾ ನೀರು ಸೇದುವ ಬಾವಿಗಳ ಬಗ್ಗೆ ತಿಳಿಸಿ. ದನಕ್ಕೆ ಮೂರು ದಿನಕ್ಕೊಮ್ಮೆ ನೀರು ಕುಡಿಸುತ್ತಾರೆ ಎನ್ನುವುದು ಕ್ರೂರ ಅಲ್ಲವೇ?
– ಶಾಲಾ ಶಿಕ್ಷಕಿ, ಪಾವಗಡ

ಉತ್ತರ: ಮೊದಲು ಬಾವಿ. ‘ತುಲ’ ಎಂಬ ಈ ಬಾವಿಗಳ ಒಂಬತ್ತು ಗುಂಪು ಹೆಸರಾಂತವು. ಸುಣ್ಣದ ಕಲ್ಲು ಕಡಿದು ಮಾಡಿದವು. ಕೆಲವು 30 ಮೀಟರ್ ಆಳ. ನೆಲಮಟ್ಟದಿಂದ ಇಳಿಜಾರು ದಾರಿ ಕೊರೆದು ದನಗಳೇ ಹಲವು ಮೀಟರ್ ಕೆಳಗೆ ಇಳಿದು ಬರುವಂತೆ ಮಾಡಿರುತ್ತಾರೆ. ಅಲ್ಲಿ ಜೇಡಿಮಣ್ಣಿನ ಉದ್ದ ಬಾನಿ. ಬಾನಿಯಿಂದ ಕೆಳಗೆ ಬಾವಿಯ ಗೋಡೆಗೆ ಮರದ ಅಟ್ಟಣಿಗೆ ಕಟ್ಟಿ, ಒಬ್ಬರ ಮೇಲೊಬ್ಬರು ನಿಂತು ಚರ್ಮದ ಬಕೆಟ್ಟನ್ನು ಕೈಯಿಂದ ಕೈಗೆ ಎಸೆಯುತ್ತಾರೆ. ತುಂಬಿದ್ದು ಮೇಲಕ್ಕೆ, ಖಾಲಿಯಾದದ್ದು ಕೆಳಕ್ಕೆ, ಒಂದೇ ತಾಳದಲ್ಲಿ. ಹಾಡು ಮನರಂಜನೆಗಲ್ಲ: ತಾಳ ತಪ್ಪಿದರೆ ಬಕೆಟ್ಟು ಕೈತಪ್ಪಿ ಕೆಳಗಿನವನ ತಲೆಗೆ ಬೀಳುತ್ತದೆ.

ಬಾವಿಗೆ ‘ಕೊನ್ಫಿ’ ಎಂಬ ಯಜಮಾನ, ಅಂದರೆ ತೋಡಿಸಿದವನ ವಂಶದವನು, ಇರುತ್ತಾನೆ. ದಿನದ ಸರದಿ ನೋಡಲು ‘ಅಬ್ಬ ಹೆರೆಗ’ ಎಂಬ ಬೇರೊಬ್ಬ. ಬಾನಿಗೆ ಮಣ್ಣು ಮೆತ್ತಿಸುವುದು, ಮುಳ್ಳುಬೇಲಿ ಸರಿ ಮಾಡಿಸುವುದು, ಸಗಣಿ ಎತ್ತಿಸುವುದು ಇವನ ಕೆಲಸ. ಆಳು ಕಳಿಸದವನ ದನಕ್ಕೆ ಸರದಿ ತಪ್ಪುತ್ತದೆ. ಅಪರಿಚಿತರಿಗೂ ನೀರು ನಿರಾಕರಿಸುವುದಿಲ್ಲ, ಸರದಿಯ ಕೊನೆಗೆ ನಿಲ್ಲಿಸುತ್ತಾರೆ.

ಮೂರು ದಿನದ ಲೆಕ್ಕಕ್ಕೆ ಬರೋಣ. ಪ್ರತಿದಿನ ನೀರಿಗೆ ಬರಬೇಕಾದ ದನ ಬಾವಿಯಿಂದ ಏಳೆಂಟು ಕಿಲೋಮೀಟರ್ ಆಚೆ ಮೇಯಲಾರದು. ಮೂರು ದಿನಕ್ಕೊಮ್ಮೆ ಆದರೆ ಹದಿನೈದು ಕಿಲೋಮೀಟರ್ ಹೋಗಬಹುದು. ದೂರ ಇಮ್ಮಡಿಯಾದರೆ ಮೇಯುವ ನೆಲ ನಾಲ್ಕು ಪಟ್ಟಾಗುತ್ತದೆ. ಇದನ್ನು ನಿಮ್ಮ ಮಕ್ಕಳಿಗೆ ವೃತ್ತ ಬರೆದು ತೋರಿಸಬಹುದು. ನೀರು ಕಡಿಮೆ ಕುಡಿದ ಬೋರನ್ ತಳಿಯ ದನ ಮೇವನ್ನೂ ಕಡಿಮೆ ತಿನ್ನುತ್ತದೆ, ಮೈಯ ಖರ್ಚು ಇಳಿಸಿಕೊಳ್ಳುತ್ತದೆ. ನೀರಿನ ಒಟ್ಟು ಬಳಕೆ ಸುಮಾರು ಮೂರನೇ ಒಂದು ಪಾಲು ತಗ್ಗುತ್ತದೆ. ಹಾಲು, ಬೆಳವಣಿಗೆ ಸ್ವಲ್ಪ ಕುಗ್ಗುವುದು ನಿಜ. ಅದಕ್ಕೇ ಕರೆಯುವ ಹಸು, ಕರುಗಳ ‘ವರ್ರ’ ಹಿಂಡನ್ನು ಮನೆ ಹತ್ತಿರ ಇಟ್ಟುಕೊಂಡು ಹೆಚ್ಚು ಸಲ ನೀರು ಕುಡಿಸುತ್ತಾರೆ. ಗೊಡ್ಡು, ಹೋರಿಗಳ ‘ಫೋರ’ ಹಿಂಡು ದೂರ ಹೋಗುತ್ತದೆ. ನಮ್ಮ ಮಿಶ್ರತಳಿ ಹಸುವಿಗೆ ಹೀಗೆ ಮಾಡಿದರೆ ಅದು ಕ್ರೂರವೇ. ಈ ಕ್ರಮ ಆ ತಳಿಗೆ, ಆ ನೆಲಕ್ಕೆ ಮಾತ್ರ.

ಪ್ರಶ್ನೆ: ಬೋರನರು ನಕ್ಷತ್ರ ನೋಡಿ ಕಾಲ ಹೇಳುತ್ತಾರಂತೆ, ಕುರಿಯ ಕರುಳು ನೋಡಿ ಮಳೆ ಹೇಳುತ್ತಾರಂತೆ. ನಂಬಬಹುದೇ?
– ಓದುಗರು, ಶಿರಸಿ

ಉತ್ತರ: ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಬೋರನರ ಪಂಚಾಂಗ ಹನ್ನೆರಡು ಚಾಂದ್ರಮಾಸಗಳದ್ದು, ದಿನಗಳಿಗೆ 27 ಹೆಸರು. ಚಂದ್ರ ಕೃತ್ತಿಕೆ, ರೋಹಿಣಿಯಂಥ ಗೊತ್ತಾದ ನಕ್ಷತ್ರಗಳ ಜತೆ ಹೇಗೆ ಉದಯಿಸುತ್ತಾನೆ ಎಂಬುದರಿಂದ ತಿಂಗಳು ನಿರ್ಧರಿಸುತ್ತಾರೆ. ಅದು ನಿಖರವಾದ ಗಣಿತ. ಕರುಳು ನೋಡಿ ಹೇಳುವ ಮಳೆ ಭವಿಷ್ಯಕ್ಕೆ ಆ ಬೆಲೆ ಕೊಡಲಾಗದು. ಆದರೆ ಕೊಯ್ದ ಕುರಿಯ ಕರುಳಿನ ಸುತ್ತಲ ಕೊಬ್ಬು, ಒಳಗಿನ ಹುಳ ನೋಡಿದವನಿಗೆ ಹುಲ್ಲುಗಾವಲಿನ ಸ್ಥಿತಿ ತಿಳಿಯುತ್ತದೆ; ಅಷ್ಟು ಪ್ರಯೋಜನ ಇದೆ.

ಪ್ರಶ್ನೆ: ನೂರಾರು ದನಗಳಲ್ಲಿ ಒಂದು ತಪ್ಪಿದರೂ ಗೊತ್ತಾಗುವುದು ಹೇಗೆ?
– ಓದುಗರು, ಕೊಳ್ಳೇಗಾಲ

ಉತ್ತರ: ತಲೆ ಎಣಿಸುವುದಿಲ್ಲ, ಇಲ್ಲದ ಮುಖ ನೆನಪಿಗೆ ಬರುತ್ತದೆ. ಬಣ್ಣ, ಮಚ್ಚೆಯ ಜಾಗ, ಕೊಂಬಿನ ತಿರುವು ಎಲ್ಲಕ್ಕೂ ಬೇರೆ ಬೇರೆ ಪದಗಳಿವೆ. ದಕ್ಷಿಣ ಸುಡಾನಿನ ಡಿಂಕಾ ಭಾಷೆಯಲ್ಲಿ ಬಿಳಿ ಎತ್ತಿನ ಹೆಸರು ಮಬಿಯೋರ್. ಆ ನಾಡಿನ ಹೋರಾಟದ ನಾಯಕರಾಗಿದ್ದ ಜಾನ್ ಗರಂಗ್ ಡಿ ಮಬಿಯೋರ್ ಅವರ ಹೆಸರಿನಲ್ಲೂ ಅದೇ ಎತ್ತು ಇದೆ. ತಾಯಿ, ಅಜ್ಜಿ, ಮುತ್ತಜ್ಜಿಯ ಸಾಲಿನಲ್ಲಿ ದನವನ್ನು ನೆನಪಿಡುವುದರಿಂದ ಯಾವ ಸಂತತಿ ಬರ ತಡೆದಿತ್ತು, ಯಾವುದರ ಕೆಚ್ಚಲು ಒಳ್ಳೆಯದು ಎಂಬ ಆಯ್ಕೆಗೂ ಅದೇ ದಾಖಲೆ.

ಪ್ರಶ್ನೆ: ಕೀನ್ಯಾದಲ್ಲಿ ಸೋರೆಬುರುಡೆಗೆ ಇದ್ದಿಲು ಬಳಿದು ಹಾಲು ಹೆಪ್ಪಾಗಿಸುತ್ತಾರಂತೆ. ಮಾಡುವ ಕ್ರಮ ಹೇಗೆ? ಅದು ಶುಚಿಯೇ?
– ಗೃಹಿಣಿ, ಸಾಗರ

ಉತ್ತರ: ಕಲೆಂಜಿನ್ ಜನರ ಈ ಹಾಲಿನ ಹೆಸರು ಮುರ್ಸಿಕ್. ಬಲಿತು ಒಣಗಿದ ಸೋರೆಬುರುಡೆಯ ಕುತ್ತಿಗೆ ಕೊಯ್ದು, ಬೀಜ ತಿರುಳು ಕೆರೆದು, ಕಹಿ ಹೋಗುವ ತನಕ ದಿನಗಟ್ಟಲೆ ನೀರು ಬದಲಿಸುತ್ತಾ ನೆನೆಹಾಕುತ್ತಾರೆ. ಬಳಸುವ ಪ್ರತಿ ಸಲವೂ ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಆಮೇಲೆ ‘ಸೆನೆತ್ವೆತ್’ ಎಂಬ ಗಿಡದ ಕಡ್ಡಿ ಸುಟ್ಟು, ಕೆಂಡವಾದ ತುದಿಯನ್ನು ಬುರುಡೆಯೊಳಗೆ ಹಾಕಿ, ಉದ್ದ ಕುಂಚದಿಂದ ಒಳಗೋಡೆಗೆಲ್ಲ ಪುಡಿಯಾಗುವಂತೆ ತಿಕ್ಕುತ್ತಾರೆ. ಹೆಚ್ಚಿನ ಪುಡಿ ಕೊಡವಿ, ಕಾಯಿಸಿ ಆರಿಸಿದ ಹಾಲು ತುಂಬಿ ಮುಚ್ಚಿಡುತ್ತಾರೆ. ಕಡಿಮೆ ಎಂದರೆ ಮೂರು ದಿನ, ವಾರಗಟ್ಟಲೆಯೂ ಇಡುವುದುಂಟು. ಮೇಲೆ ನಿಂತ ತಿಳಿನೀರು ಬಸಿದು, ಚೆನ್ನಾಗಿ ಅಲ್ಲಾಡಿಸಿದರೆ ನೀಲಿ ಛಾಯೆಯ ಬೂದುಬಣ್ಣದ ಗಟ್ಟಿ ಮೊಸರು.

ಕೆಂಡದ ಬಿಸಿ ಮತ್ತು ಹೊಗೆಗೆ ಒಳಗೋಡೆಯ ಬೇಡದ ಸೂಕ್ಷ್ಮಜೀವಿಗಳು ತಗ್ಗುತ್ತವೆ, ಹಾಲು ಹುಳಿಯಾಗಿಸುವ ಜೀವಿಗಳು ಬುರುಡೆಯ ರಂಧ್ರಗಳಲ್ಲಿ ಉಳಿದು ಮುಂದಿನ ಸಲಕ್ಕೆ ಹೆಪ್ಪಾಗುತ್ತವೆ. ತೇವ ಉಳಿದ ಬುರುಡೆಯಲ್ಲಿ ಬೂಷ್ಟು ಬಂದು ಹಾಲು ಕೆಡುತ್ತದೆ. ಬಿರುಕು ಬಿಟ್ಟದ್ದನ್ನು ಎಸೆಯಲೇಬೇಕು. ಹಸಿಹಾಲಿನಲ್ಲಿ ಮಾಡಿದರೆ ಬ್ರುಸೆಲ್ಲಾ ಜ್ವರದ ಭಯ ಹೋಗುವುದಿಲ್ಲ. ಹುಳಿಯಾದ ಮಾತ್ರಕ್ಕೆ ಆ ರೋಗಾಣು ಸತ್ತಿತೆಂದು ನಂಬಬಾರದು. ಸೆನೆತ್ವೆತ್ ನಮ್ಮ ತಂಗಡಿ ಗಿಡದ ಕುಲದ್ದೇ ಆದರೂ ಅದರ ಬದಲಿಗೆ ತಂಗಡಿ ಕಡ್ಡಿ ಹಾಕಿ ಪ್ರಯೋಗ ಮಾಡಬೇಡಿ.

ಪ್ರಶ್ನೆ: ಇಲ್ಲಿನ ದನಗಾಹಿಗಳು ಪ್ರತಿಷ್ಠೆಗಾಗಿ ಮಿತಿ ಮೀರಿ ದನ ಇಟ್ಟುಕೊಂಡು ನೆಲ ಹಾಳು ಮಾಡುತ್ತಾರೆ ಎಂದು ಪಟ್ಟಣದವರು ಹೇಳುತ್ತಾರೆ. ನಿಜವೇ?
– ಕನ್ನಡಿಗರು, ಆರುಷಾ, ತಾಂಜಾನಿಯಾ

ಉತ್ತರ: ಪಟ್ಟಣದವರ ಮಾತಿಗೆ 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿಜ್ಞಾನಿ ಶಾಸ್ತ್ರದ ರೂಪ ಕೊಟ್ಟಿದ್ದರು: ಎಲ್ಲರ ಹುಲ್ಲುಗಾವಲು ಎಂದರೆ ಯಾರದೂ ಅಲ್ಲ, ಅದು ಹಾಳಾಗಲೇಬೇಕು ಎಂದು. ಎಲಿನರ್ ಆಸ್ಟ್ರಮ್ ಎಷ್ಟೋ ದೇಶಗಳ ಉದಾಹರಣೆ ಹಿಡಿದು, ಕಟ್ಟುಪಾಡು ಇರುವ ಕಡೆ ಹಾಗಾಗುವುದಿಲ್ಲ ಎಂದು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಸಂದಿತು.

ದನದ ಸಂಖ್ಯೆಯ ಹಿಂದೆ ಬರದ ಲೆಕ್ಕವಿದೆ. ಒಂದು ಜೋರು ಬರಕ್ಕೆ ಅರ್ಧ ಹಿಂಡು ಹೋಗಬಹುದು. ಒಂದು ಹಸು ಹದಿನೈದು ಹದಿನೆಂಟು ತಿಂಗಳಿಗೆ ಒಂದು ಕರು ಹಾಕುತ್ತದೆ, ಅದರಲ್ಲಿ ಅರ್ಧ ಗಂಡು, ಕೆಲವು ಸಾಯುತ್ತವೆ. ಹಿಂಡು ವರ್ಷಕ್ಕೆ ನೂರಕ್ಕೆ ಏಳರಂತೆ ಬೆಳೆದರೂ ಕಳೆದುಕೊಂಡದ್ದನ್ನು ತುಂಬಲು ಹತ್ತು ವರ್ಷ ಬೇಕು. 60 ದನ ಇದ್ದವನಿಗೆ 30 ಉಳಿದರೆ ಮಕ್ಕಳಿಗೆ ಹಾಲಿದೆ. 10 ಇದ್ದವನಿಗೆ 5 ಉಳಿದರೆ ಅವನು ದನಗಾಹಿಯಾಗಿ ಉಳಿಯುವುದಿಲ್ಲ. ಹಾಗೆಂದು ಎಲ್ಲವನ್ನೂ ಒಂದೇ ಹಟ್ಟಿಯಲ್ಲಿ ಇಡುವುದೂ ಇಲ್ಲ. ಫುಲಾನಿಗಳ ‘ಹಬ್ಬನಾಯೆ’ಯಲ್ಲಿ ಒಂದು ಹಸುವನ್ನು ಸ್ನೇಹಿತನಿಗೋ, ದನ ಕಳೆದುಕೊಂಡ ಬಂಧುವಿಗೋ ಕೊಡುತ್ತಾರೆ. ಎರಡು ಮೂರು ಸೂಲಿನ ಕರು ಪಡೆದವನಿಗೆ. ಹಸು ಮಾತ್ರ ಮರಳುತ್ತದೆ. ಮಸಾಯಿಗಳ ‘ಒಸೊತುವ’ದಲ್ಲಿ ಕಷ್ಟ ಬಂದವನು ಕೇಳುತ್ತಾನೆ, ಇದ್ದವನು ಕೊಡುತ್ತಾನೆ, ಲೆಕ್ಕ ಇಡುವುದಿಲ್ಲ. ಆ ಪದದ ಅರ್ಥ ಹೊಕ್ಕುಳಬಳ್ಳಿ. ಹೀಗೆ ಹಂಚಿಟ್ಟ ದನ ಬೇರೆ ಬೇರೆ ಮಳೆಯ ನೆಲದಲ್ಲಿರುತ್ತದೆ. ಇದಕ್ಕೊಂದು ಕೆಡಕೂ ಇದೆ: ಸಾಲದ ಹಸುವಿನ ಜತೆ ಶ್ವಾಸಕೋಶ ಬೇನೆಯೂ ಹಟ್ಟಿಯಿಂದ ಹಟ್ಟಿಗೆ ಹೋಗುತ್ತದೆ.

ನೆಲ ಹಾಳಾದ ಕಡೆ ಇಲ್ಲವೆಂದಲ್ಲ. ಅಲ್ಲಿ ಬೇಲಿ ಎಂದು ಬಂತು ಎಂದು ಕೇಳಿ ನೋಡಿ. ಕೀನ್ಯಾದಲ್ಲಿ 1968ರ ಕಾಯ್ದೆಯಿಂದ ಮಸಾಯಿ ನೆಲ ಗುಂಪು ಹಿಡುವಳಿಗಳಾಯಿತು, ಆಮೇಲೆ ಮನೆ ಮನೆಗೆ ತುಂಡಾಯಿತು. ಕಾಜಿಯಾಡೊದಲ್ಲಿ ತುಂಡು ನೆಲಕ್ಕೆ ತಂತಿ ಹಾಕಿದ ಮೇಲೆ ಮಳೆ ಬಿದ್ದ ಕಡೆಗೆ ದನ ಹೋಗಲಾಗದು. ಅದೇ ದನ, ಅದೇ ಸಂಖ್ಯೆ, ನಡೆಯುವ ದಾರಿ ಮಾತ್ರ ಇಲ್ಲ.

ಪ್ರಶ್ನೆ: ನಮ್ಮೂರಿನ ಉಳಿದಿರುವ ಗೋಮಾಳಕ್ಕೆ ಇದರಿಂದ ಏನಾದರೂ ತೆಗೆದುಕೊಳ್ಳಬಹುದೇ?
– ಗ್ರಾಮ ಪಂಚಾಯ್ತಿ ಸದಸ್ಯರು, ಕಡೂರು

ಉತ್ತರ: ಕಡೂರಿನವರು ಕೇಳಿದ್ದು ಸರಿಯಾಗಿದೆ. ಮೈಸೂರು ಸಂಸ್ಥಾನದ ದನ ಸಾಕಣೆಯ ದಫ್ತರವಾದ ಅಮೃತಮಹಲ್‌ನ ಕಾವಲುಗಳನ್ನು ಹಿಂದೆ ಬೇಸಿಗೆ, ಮಳೆಗಾಲ, ಚಳಿಗಾಲದ ಕಾವಲು ಎಂದು ವಿಂಗಡಿಸಿ ದನ ತಿರುಗಿಸುತ್ತಿದ್ದರು; ಫುಲಾನಿಗೂ ಆ ದಫ್ತರಕ್ಕೂ ಸಂಬಂಧ ಇಲ್ಲದಿದ್ದರೂ ತರ್ಕ ಒಂದೇ. ನಿಮಗೆ ಹೆಚ್ಚು ಹತ್ತಿರದ್ದು ತಾಂಜಾನಿಯಾದ ಶಿನ್ಯಾಂಗದಲ್ಲಿ ಸುಕುಮ ಜನರ ‘ನ್ಗಿತಿಲಿ’. ಸೆಟ್ಸೆ ನೊಣ ಓಡಿಸಲೆಂದು ಕಾಡು ಕಡಿದು, ಆಮೇಲೆ 1970ರ ದಶಕದಲ್ಲಿ ಊರುಗಳನ್ನು ಎತ್ತಿ ಒಂದೆಡೆ ಕೂಡಿಸಿದ್ದರಿಂದ ಆ ಪದ್ಧತಿ ಹೆಚ್ಚುಕಡಿಮೆ ನಿಂತುಹೋಗಿತ್ತು. 1986ರಲ್ಲಿ ಸರ್ಕಾರ ಹೊಸ ಸಸಿ ನೆಡುವುದರ ಜತೆಗೆ ಈ ಹಳೆಯ ಪದ್ಧತಿಗೆ ಬೆಂಬಲ ಕೊಟ್ಟಿತು. ಆಗ ದಾಖಲೆಯಲ್ಲಿ ಉಳಿದಿದ್ದು ಸುಮಾರು 600 ಹೆಕ್ಟೇರ್. ಇಪ್ಪತ್ತು ವರ್ಷದೊಳಗೆ 3 ಲಕ್ಷ ಹೆಕ್ಟೇರ್ ದಾಟಿತು.

ಕ್ರಮ ಸರಳ. ಮಳೆ ಶುರುವಾಗುವ ಹೊತ್ತಿಗೆ ಗುರುತಿಸಿದ ತುಂಡನ್ನು ಮುಚ್ಚುತ್ತಾರೆ. ಬೇಲಿ ಬೇಕೆಂದಿಲ್ಲ, ಊರಿಗೆಲ್ಲ ಗೊತ್ತಿರುವ ಎಲ್ಲೆ ಸಾಕು. ಕಡಿದ ಬುಡಗಳಿಂದ ಮರ ತಾನೇ ಚಿಗುರುತ್ತದೆ, ಸಸಿ ನೆಡುವ ಖರ್ಚಿಲ್ಲ. ಹೊಲದ ಕೂಳೆ ಮುಗಿದ ಮೇಲೆ, ಜುಲೈ ಆಗಸ್ಟ್‌ನಲ್ಲಿ, ತೆರೆಯುತ್ತಾರೆ. ಇಡಿಯಾಗಿ ಅಲ್ಲ, ಒಂದು ಭಾಗ ಮೇಯ್ದು ಮುಗಿದ ಮೇಲೆ ಇನ್ನೊಂದು. ಬೋರನರ ‘ಕಲೊ’, ಮಸಾಯಿಗಳ ‘ಒಲೊಪೊಲೊಲಿ’ ಇದೇ ಬಗೆಯವು, ಆದರೆ ಇನ್ನೂ ಬಿಗಿ: ಒಳಗೆ ಕರು, ರೋಗಿಷ್ಟ ದನ, ಹೊಸದಾಗಿ ಈದ ಹಸು ಮಾತ್ರ.

ಕೆಡುವುದು ಮೂರು ಕಡೆ. ಹುಲ್ಲು ಬೀಜ ಉದುರುವ ಮುಂಚೆ ತೆರೆದರೆ ಮರುವರ್ಷ ಕಸವೇ ಹೆಚ್ಚು. ಉಳ್ಳವರು ‘ಇದು ನನ್ನ ಪಾಲು’ ಎಂದು ಬೇಲಿ ಹಾಕಿಕೊಂಡರೆ ಕುರಿ ಎರಡು ಇರುವವರು ಮೊದಲು ಹೊರಬೀಳುತ್ತಾರೆ; ಶಿನ್ಯಾಂಗದಲ್ಲೂ ಈ ದೂರು ಇದೆ. ಮೂರನೆಯದು ದಂಡ. ಸುಕುಮರಲ್ಲಿ ನಿಯಮ ಮುರಿದವನನ್ನು ಊರ ಸಭೆಯೇ ವಿಚಾರಿಸುತ್ತದೆ. ಹಾಗಾಗಿ ನೀವು ಮೊದಲು ಗೊತ್ತು ಮಾಡಬೇಕಾದ್ದು ಯಾವ ತುಂಡು ಎಂಬುದನ್ನಲ್ಲ, ರಾತ್ರಿ ಹೊತ್ತು ಒಳಗೆ ದನ ಬಿಟ್ಟವರನ್ನು ಕರೆಸಿ ಕೇಳುವವರು ಯಾರು ಎಂಬುದನ್ನು. ಆ ಸಭೆಯಲ್ಲಿ ಕುರಿ ಕಾಯುವವರೂ ಕೂತಿರಲಿ. ಮೊದಲ ವರ್ಷ ಎರಡು ಮೂರು ಎಕರೆ ಮುಚ್ಚಿದರೆ ಸಾಕು.